ಗೇಟಮ್ಮ

ಮಾರ್ಚ್ ೧೧, ಮಂಗಳವಾರ
ಕನ್ನಡಕದ ಅಂಗಡಿಯಿಂದ, ಮಧ್ಯಾಹ್ನ

ತಂಗೀ,

ಈ ಪದಕ್ಕೆ ಮೊದಲು ಹಾಕುವ ಪ್ರೀತಿಯ ಎಂಬ ಪದವನ್ನು ಈ ಸಲ ಬಿಟ್ಟಿದ್ದೇನೆ. ಬರೆಯಲು ಹೋದೆ, ಕೈ ಬರಲಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಎರಡು ಮಾತು ತೂರಿಸುತ್ತೀಯ. ಎರಡನೆಯದಕ್ಕೆ ನನಗೆ ನಗು ಬರುತ್ತದೆ, ಅಲ್ಲಿಗೆ ಜಗಳ ನೀನು ಗೆದ್ದಂತೆ. ಕಾಗದ ಮಧ್ಯೆ ಬಾಯಿ ಹಾಕುವುದಿಲ್ಲ. ಈ ಹೊತ್ತಿನಲ್ಲಿ ಅಂಗಡಿಗೆ ಜನ ಕಡಿಮೆ. ಕಣ್ಣು ಪರೀಕ್ಷೆಯ ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೇನೆ. ಎದುರು ಗೋಡೆಯ ಮೇಲೆ ಅಕ್ಷರದ ಹಲಗೆ ಬೆಳಗುತ್ತಿದೆ, ಆರಿಸಿಲ್ಲ.

ನಿನಗೆ ಗೊತ್ತಿರುವುದು ನಿನ್ನ ಕಡೆಯ ಕಥೆ. ನನ್ನ ಕಡೆ ಅದು ಹೇಗಿತ್ತು ಎಂದು ನೀನು ಒಮ್ಮೆಯಾದರೂ ಯೋಚಿಸಿದ್ದೀಯೋ ಇಲ್ಲವೋ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ಚಿಣ್ಣಿಗೆ ಎಂಟು ತುಂಬಿದ ಮೇಲೆ ನಾನು ಆ ಶನಿವಾರದ ತರಗತಿಗೆ ಸೇರಿದೆ. ಮಕ್ಕಳ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ ಎಂದು ತಂದೆತಾಯಿಗಳಿಗೆ ಹೇಳಿಕೊಡುವ ತರಗತಿ. ಹೆತ್ತಮೇಲೆ ಪಾಠಕ್ಕೆ ಹೋಗೋಳು ನೀನೊಬ್ಬಳೇ ಅಕ್ಕ, ಎಂದು ನೀನು ಆವತ್ತೇ ಆಡಿಕೊಂಡಿದ್ದೆ. ಆಡಿಕೊಳ್ಳಲಿ ಎಂದುಕೊಂಡೆ. ನಮ್ಮಮ್ಮ ನಮಗೆ ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಹೊಲಿಗೆ ಯಂತ್ರದಿಂದ ತಲೆಯೆತ್ತಿ, ಇವತ್ತು ನಿನ್ನ ಮನಸ್ಸು ಹೇಗಿದೆ ಎಂದು ಕೇಳಿದವಳೂ ಅಲ್ಲ. ನಾನು ಕೇಳುವ ತಾಯಿ ಆಗಬೇಕು ಅಂತಿತ್ತು. ಅದರಲ್ಲಿ ನಗುವಂಥದ್ದೇನು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ತರಗತಿ ನಡೆಸುವಾಕೆ ಒಳ್ಳೆಯವರು. ಮಗುವಿನ ಕಣ್ಣಿನ ಎತ್ತರಕ್ಕೆ ಕೂತುಕೊಳ್ಳಿ, ಫೋನು ಬೇರೆ ಕೋಣೆಯಲ್ಲಿರಲಿ, ಬುದ್ಧಿ ಹೇಳಬೇಡಿ, ಅದು ಹೇಳಿದ್ದನ್ನೇ ಮೆಲ್ಲಗೆ ತಿರುಗಿ ಹೇಳಿ, ಸುಮ್ಮನೆ ಕಾಯಿರಿ, ಮೌನವನ್ನು ಮಗುವೇ ತುಂಬುತ್ತದೆ ಎಂದರು. ನಾನು ಒಂದನ್ನೂ ಬಿಡದೆ ಮಾಡಿದೆ. ಊಟವಾದ ಮೇಲೆ ಅವಳ ಮಂಚದ ಪಕ್ಕ ನೆಲದ ಮೇಲೆ ಕೂರುತ್ತಿದ್ದೆ. ಅದಕ್ಕೆ ಮನಸ್ಸಿನ ಹೊತ್ತು ಎಂದು ಹೆಸರಿಟ್ಟೆ. ಮೊದಮೊದಲು ಚಿಣ್ಣಿ, ಚೆನ್ನಾಗಿತ್ತಮ್ಮ, ಅನ್ನುತ್ತಿದ್ದಳು. ನಾನು ಕಾಯುತ್ತಿದ್ದೆ. ಡಬ್ಬಿ ಪೂರ್ತಿ ಖಾಲಿ ಮಾಡಿದೆ, ಅನ್ನುತ್ತಿದ್ದಳು. ಇನ್ನೂ ಕಾಯುತ್ತಿದ್ದೆ. ಇನ್ನೇನೂ ಇಲ್ಲವಲ್ಲಮ್ಮ, ಎಂದು ಅವಳೇ ಸೋತು ಹೇಳಿದ ಮೇಲೆ ಮುತ್ತು ಕೊಟ್ಟು, ದೀಪ ಆರಿಸಿ, ಪಾತ್ರೆ ತೊಳೆಯಲು ಹೋಗುತ್ತಿದ್ದೆ.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಅವಳ ತುಟಿ ನಡುಗಿತು. ಕ್ಲಾಸಿನಲ್ಲಿ ಒಬ್ಬಳಿದ್ದಾಳೆ, ನನಗಿಂತ ದೊಡ್ಡವಳು, ಅಂದಳು. ಬೆಂಚಿನಲ್ಲಿ ಚಿಣ್ಣಿ ಗೋಡೆಯ ಕಡೆ, ಅವಳು ದಾರಿಯ ಕಡೆ. ಬೆಂಚಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾಳೆ. ಹೊರಗೆ ಹೋಗಬೇಕಾದರೆ ಕಾರಣ ಹೇಳಬೇಕು. ಸಾದಾ ಕಾರಣ ಸಾಲದು, ಅವಳಿಗೆ ಪಾಪ ಅನ್ನಿಸುವಂಥದ್ದು ಹೇಳಬೇಕು. ಇಷ್ಟವಾದರೆ ಕಾಲು ಮಡಚಿ ದಾರಿ ಬಿಡುತ್ತಾಳೆ, ಇಲ್ಲದಿದ್ದರೆ ಇಲ್ಲ. ಹೆಸರೇನು ಎಂದು ಕೇಳಿದೆ. ಹೆಸರು ಹೇಳಿದರೆ ಇನ್ನೂ ಜಾಸ್ತಿ ಮಾಡ್ತಾಳೆ, ನಾನು ಮನಸ್ಸಲ್ಲೇ ಗೇಟಮ್ಮ ಅಂತೀನಿ, ಎಂದಳು. ಹೆಸರಿಗಾಗಿ ಮಗುವನ್ನು ಒತ್ತಾಯಿಸಬಾರದು ಎಂದು ನಮಗೆ ತರಗತಿಯಲ್ಲಿ ಹೇಳಿದ್ದರು. ನಾನು ಒತ್ತಾಯಿಸಲಿಲ್ಲ. ಗೇಟಮ್ಮ ಎಂಬ ಹೆಸರಿಗೆ ಅಂಥ ಹೊತ್ತಿನಲ್ಲೂ ಸ್ವಲ್ಪ ನಗು ಬಂತು.

ಆವತ್ತು ಪಾತ್ರೆಗಳು ಹಾಗೇ ಉಳಿದವು. ಅವಳ ಪುಟ್ಟ ಮಂಚದಲ್ಲಿ ಕಾಲು ಮಡಚಿಕೊಂಡು, ಅವಳನ್ನು ಎದೆಗವಚಿಕೊಂಡು, ಅವಳಿಗೆ ನಿದ್ದೆ ಬರುವ ತನಕ ಮಲಗಿದ್ದೆ.

ಆಮೇಲೆ ಸಂಜೆಗೊಂದು ಗೇಟಮ್ಮನ ಕಥೆ. ಗೇಟಮ್ಮ ರಬ್ಬರು ಕಿತ್ತುಕೊಂಡದ್ದು. ಗೇಟಮ್ಮ ಮೂರು ದಿನ ಮಾತು ಬಿಟ್ಟು, ಗಾಜಿನಲ್ಲಿ ನೋಡಿದ ಹಾಗೆ ಚಿಣ್ಣಿಯ ಮುಖದ ಮೂಲಕ ಆಚೆ ನೋಡಿದ್ದು. ನಾನು ಬುದ್ಧಿ ಹೇಳಬಾರದೆಂಬ ನಿಯಮವನ್ನೂ ಒಂದೆರಡು ಸಲ ಮುರಿದೆ. ಅಂಥ ಹುಡುಗಿಯ ಎದೆಯಲ್ಲಿ ಏನೋ ಒಣಗಿ ಹೋಗಿರುತ್ತೆ ಅಂದೆ. ಅವಳಿಗೆ ಮನೆಯಲ್ಲಿ ಯಾರೂ ಇಲ್ಲವೇನೋ, ಇದ್ದರೆ ಹೀಗಾಗುತ್ತಿರಲಿಲ್ಲ ಅಂದೆ. ಮತ್ತೊಂದು ದಿನ ಹೀಗೆಂದೆ: "ನಿಂದೇನೂ ತಪ್ಪಿಲ್ಲ ಪುಟ್ಟಾ. ಅವಳು ದೊಡ್ಡವಳು, ದಾರಿ ಬಿಡಬೇಕಾಗಿದ್ದು ಅವಳು."

ಈ ಮಾತು ನಿನಗೆ ಹೊಸದಲ್ಲ, ಗೊತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಶನಿವಾರದ ತರಗತಿಯಲ್ಲಿ ಗೇಟಮ್ಮನ ವಿಷಯ ಹೇಳಿದೆ. ಚಿಣ್ಣಿಯ ಹೆಸರೆತ್ತದೆ, ಒಂದು ಮಗು ಎಂದೇ ಹೇಳಿದೆ. ಎಲ್ಲರಿಗೂ ಗೊತ್ತಾಯಿತು ಬಿಡು. ಮುಂದಿನ ಸಾಲಿನ ಬ್ಯಾಂಕಿನಾತ ಕರವಸ್ತ್ರ ತೆಗೆದ. ಇದೇ ನೋಡಿ ನಂಬಿಕೆ ಅಂದರೆ, ಎಂದು ತರಗತಿ ನಡೆಸುವಾಕೆ ನನ್ನ ಹೆಗಲು ಮುಟ್ಟಿದರು. ನನಗೆ ಸಂತೋಷವಾಯಿತು. ಮಗಳು ನೊಂದಿದ್ದಾಳೆ ಎಂದು ಸಂತೋಷವಲ್ಲ. ಹೇಳಿಕೊಳ್ಳಲು ನನ್ನ ಹತ್ತಿರ ಬಂದಳಲ್ಲ ಎಂದು. ಈ ಎರಡೂ ಬೇರೆ ಬೇರೆ. ನೀನು ಒಪ್ಪದಿದ್ದರೂ ಬೇರೆ ಬೇರೆಯೇ.

ಹೋದ ವಾರ ಚಿಣ್ಣಿ ಹೇಳಿದ್ದು ಕೇಳಿ ನನಗೆ ಕೂರಲಾಗಲಿಲ್ಲ. ಗೇಟಮ್ಮ ಬಚ್ಚಲಿಗೆ ಹೋಗಲೂ ದಾರಿ ಬಿಡಲಿಲ್ಲವಂತೆ. ಹೇಳಿದ ಯಾವ ಕಾರಣವೂ ಅವಳಿಗೆ ಸಾಲಲಿಲ್ಲವಂತೆ. ಕೊನೆಗೆ ಕೂತಲ್ಲೇ ಬಟ್ಟೆ ಒದ್ದೆಯಾಯಿತಂತೆ. ಆ ಮಾತು ಹೇಳುವಾಗ ಅವಳು ನೆಲ ನೋಡುತ್ತಿದ್ದಳು. ಮಾರನೆಯ ದಿನ ಅಂಗಡಿಗೆ ರಜೆ ಹಾಕಿ ಶಾಲೆಗೆ ಹೋದೆ.

ಟೀಚರು ವಯಸ್ಸಿನಲ್ಲಿ ಚಿಕ್ಕವರು. ಪೂರ್ತಿ ಕೇಳಿದರು, ಒಮ್ಮೆಯೂ ಅಡ್ಡ ಬರಲಿಲ್ಲ. ಬೆಂಚು, ಗೆರೆ, ಒದ್ದೆ ಬಟ್ಟೆ, ಎಲ್ಲ ಹೇಳಿದೆ. ಇಂಥದ್ದು ನಿಮ್ಮ ಕಣ್ಣೆದುರೇ ನಡೆದಿದೆ ಎಂದು ಸ್ವಲ್ಪ ಗಟ್ಟಿಯಾಗಿಯೇ ಅಂದೆ. ಆಕೆ ಎದ್ದು, ಬನ್ನಿ ಎಂದು ತರಗತಿಯ ಬಾಗಿಲು ತೆರೆದರು. ಮಕ್ಕಳು ಆಟಕ್ಕೆ ಹೋಗಿದ್ದರು. ಕೋಣೆಯ ತುಂಬ ದುಂಡು ಮೇಜುಗಳು, ಸುತ್ತ ಪುಟ್ಟ ಪುಟ್ಟ ಕುರ್ಚಿಗಳು. ನೆಲ ಗೀಚದಿರಲಿ ಎಂದು ಒಂದೊಂದು ಕುರ್ಚಿಯ ಕಾಲಿಗೂ ಹಳೇ ಟೆನಿಸ್ ಚೆಂಡು ಸಿಕ್ಕಿಸಿದ್ದರು.

"ನಮ್ಮಲ್ಲಿ ಬೆಂಚೇ ಇಲ್ಲವಲ್ಲ ಮೇಡಂ," ಎಂದರು ಆಕೆ. ತೀರಾ ಮೆತ್ತಗೆ ಹೇಳಿದರು. ರೋಗಿಗೆ ಹೇಳುವ ಹಾಗೆ.

ಪೋಷಕರ ಸಭೆಗಳೆಲ್ಲ ದೊಡ್ಡ ಹಾಲಿನಲ್ಲಿ ನಡೆಯುತ್ತವೆ. ಆ ಕೋಣೆಯನ್ನು ನಾನು ಅದೇ ಮೊದಲು ನೋಡಿದ್ದು. ಕರಿಹಲಗೆಯೂ ಇರಲಿಲ್ಲ, ಬಿಳಿ ಹಲಗೆ. ಸೀಮೆಸುಣ್ಣ ಎಲ್ಲಿಂದ ಬರಬೇಕು? ಚಿಣ್ಣಿಗೆ ಗೆಳತಿಯರು ಬೇಕಾದಷ್ಟಿದ್ದಾರೆ, ಕ್ಲಾಸಿನಲ್ಲಿ ಅತಿ ಹೆಚ್ಚು ನಗುವವಳು ಅವಳೇ ಎಂದೂ ಟೀಚರು ಹೇಳಿದರು. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ನಾನು ಅಷ್ಟು ಹೊತ್ತು ಯಾರ ಪರವಾಗಿ ಜಗಳ ಆಡಿದೆ ಎಂದು ಗೊತ್ತಾಗದೆ ಬಾಗಿಲಲ್ಲೇ ನಿಂತಿದ್ದೆ.

ಮನೆಗೆ ಬಂದು ಕೇಳಿದಾಗ ಚಿಣ್ಣಿ ಅಳಲಿಲ್ಲ, ಹೆದರಲೂ ಇಲ್ಲ. ಬೇರೆಯವರ ಕೊಡೆಯನ್ನು ತಪ್ಪಿ ಮನೆಗೆ ತಂದವಳ ಹಾಗೆ ಮುಖ ಮಾಡಿ, ಅದು ಚಿಕ್ಕಮ್ಮಂದು, ಅಂದಳು.

ಒಂದೊಂದಾಗಿ ಎಲ್ಲ ಹೇಳಿದಳು. ನಾನು ಕೆಲಸ ಮುಗಿಸಿ ಬರುವ ತನಕ ಅವಳು ನಿನ್ನ ಪಾರ್ಲರಿನಲ್ಲಿ ಇರುವುದು ಇಷ್ಟು ವರ್ಷ ನನಗೆ ಎಷ್ಟು ನೆಮ್ಮದಿಯ ವಿಷಯವಾಗಿತ್ತು ಅಂತ ನಿನಗೆ ಗೊತ್ತು. ಆ ಎತ್ತರದ ಕುರ್ಚಿಯ ಮೇಲೆ ಅವಳನ್ನು ಕೂರಿಸಿ ನೀನು ತಲೆ ಬಾಚುತ್ತೀಯ, ಅವಳು ಕನ್ನಡಿಯಲ್ಲಿ ನಿನ್ನನ್ನು ನೋಡುತ್ತ ಮಾತಾಡುತ್ತಾಳೆ. ಹಾಗೆ ಬಾಚುವಾಗ ಒಂದು ದಿನ ಕೇಳಿದಳಂತೆ: "ಚಿಕ್ಕಮ್ಮ, ಇವತ್ತು ನಾನು ಯಾವುದಕ್ಕೆ ಬೇಜಾರಾಗಲಿ?"

ಆ ನಿಮಿಷ ನೀನು ನನಗೆ ಫೋನ್ ಮಾಡಬೇಕಿತ್ತು. ನಿನ್ನ ಮಗಳು ಹೀಗೆ ಕೇಳುತ್ತಿದ್ದಾಳೆ, ಏನೋ ಎಡವಟ್ಟಾಗಿದೆ ನೋಡು, ಎಂದು ಒಂದು ಮಾತು. ನಾನು ಕೇಳುತ್ತಿದ್ದೆ. ಬೇಸರ ಪಟ್ಟುಕೊಂಡಾದರೂ ಕೇಳುತ್ತಿದ್ದೆ. ನೀನು ಅದರ ಬದಲು, ಇರು, ನನ್ನ ಹತ್ರ ಒಂದಿದೆ, ಅಂದೆಯಂತೆ.

ಶಾಲೆಗೆ ಹೋಗಿ ಬಂದ ದಿನ ನಾವು ಫೋನಿನಲ್ಲಿ ಆಡಿದ ಜಗಳ ನಿನಗೆ ನೆನಪಿರುತ್ತದೆ. ನಾನು ಬೈದದ್ದನ್ನು ಮತ್ತೆ ಬರೆಯುವುದಿಲ್ಲ. ನೀನು ಹೇಳಿದ್ದು ಮಾತ್ರ ನನ್ನ ಕಿವಿಯಲ್ಲೇ ಕೂತಿದೆ. "ಮಗು ನಿನ್ನ ಮಡಿಲು ಕೇಳ್ತಿತ್ತು ಅಕ್ಕ. ನೀನು ಟಿಕೆಟ್ ಕೇಳ್ತಿದ್ದೆ. ನಾನೊಂದು ಟಿಕೆಟ್ ಹರಿದು ಕೊಟ್ಟೆ, ಅಷ್ಟೆ." ಎಷ್ಟು ಚೆನ್ನಾಗಿ ಮಾತಾಡುತ್ತೀಯ. ಗಿರಾಕಿಗಳು ನಿನ್ನ ಹತ್ತಿರವೇ ಯಾಕೆ ಬರುತ್ತಾರೆ ಅಂತ ಗೊತ್ತಾಗುತ್ತದೆ. ಆ ಕಥೆ ನೀನು ಕಟ್ಟಿದ್ದು ಎಂದುಕೊಂಡೇ ನಾನು ಫೋನಿಟ್ಟೆ.

ಅಲ್ಲಿಗೆ ಮುಗಿದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ನಿನ್ನ ಪಾರ್ಲರಿಗೆ ಬಂದು ತಲೆ ಒಡ್ಡುತ್ತಿದ್ದೆ. ನಮ್ಮಲ್ಲಿ ಯಾವ ಜಗಳ ತಾನೇ ವಾರ ದಾಟಿದೆ?

ಮೊನ್ನೆ ಭಾನುವಾರ ಚಿಣ್ಣಿ ಚಿತ್ರ ಬರೆಯುತ್ತ ಕೂತಿದ್ದಳು. ನಾನು ಸುಮ್ಮನಿರಲಾರದೆ ಕೇಳಿದೆ, ಆ ಸೀಮೆಸುಣ್ಣ ಹೇಗಿತ್ತೇ, ಅದನ್ನೂ ಚಿಕ್ಕಮ್ಮ ಹೇಳಿಕೊಟ್ಟಿದ್ದಳಾ ಎಂದು. ಹೂಂ, ಚಪ್ಪಟೆ, ಸವೆದ ಸೋಪಿನ ಚೂರಿನ ಥರ, ತುದಿ ಚೂಪು, ಅಂದಳು. ಬಣ್ಣದ ಪೆನ್ಸಿಲಿನಿಂದ ತಲೆ ಎತ್ತದೆ ಅಂದಳು.

ನಮ್ಮಮ್ಮ ಬಟ್ಟೆಯ ಮೇಲೆ ಗುರುತು ಹಾಕುತ್ತಿದ್ದ ಸೀಮೆಸುಣ್ಣ.

ಕೆಲವು ಮಕ್ಕಳಿಗೆ ಕನ್ನಡಕದ ಆಸೆ ಇರುತ್ತದೆ. ಗೆಳತಿ ಹಾಕಿದ್ದಾಳೆ, ತಾನೂ ಹಾಕಬೇಕು ಎಂದು, ಏನೂ ಕಾಣಲ್ಲ ಅನ್ನುತ್ತಾ ಬರುತ್ತವೆ. ನಾನು ಚೌಕಟ್ಟಿಗೆ ಪವರ್ ಇಲ್ಲದ ಬರೀ ಗಾಜು ಹಾಕಿ, ಈಗ ನೋಡು ಎನ್ನುತ್ತೇನೆ. ಈಗ ಚೆನ್ನಾಗಿ ಕಾಣುತ್ತೆ ಎಂದು ಕೊನೆಯ ಸಾಲಿನ ತನಕ ಓದಿಬಿಡುತ್ತವೆ. ಈ ಕೆಲಸಕ್ಕೆ ಬಂದಾಗಿನಿಂದ ಒಂದು ಮಗುವೂ ನನ್ನನ್ನು ಏಮಾರಿಸಿಲ್ಲ. ಅಂಥವಳು ತಿಂಗಳುಗಟ್ಟಲೆ ಸೀಮೆಸುಣ್ಣ ಎಂದು ಕೇಳಿಸಿಕೊಂಡೆ. ನೀಲಿ ಎಂದು ಕೇಳಿಸಿಕೊಂಡೆ. ಗೆರೆ ಎಂದು ಕೇಳಿಸಿಕೊಂಡೆ. ಅವಳು ಹೇಳಿದ್ದನ್ನೇ ಮೆಲ್ಲಗೆ ತಿರುಗಿ ಹೇಳಿದೆ ಕೂಡ.

ಈಗ ನೇರವಾಗಿ ಬರೆಯುತ್ತೇನೆ. ನಿನಗೆ ಆರು, ನನಗೆ ಹತ್ತು. ಒಂದೇ ಕೋಣೆ, ಬಚ್ಚಲು ಹೊರಗೆ, ಬಾಗಿಲು ನನ್ನ ಕಡೆ. ಅಮ್ಮ ಹೊಲಿದ ಬಟ್ಟೆ ಕೊಟ್ಟುಬರಲು ಹೋಗುವಾಗಲೆಲ್ಲ, ಅವಳನ್ನು ಹೊರಗೆ ಬಿಡಬೇಡ, ಏನಾದರೂ ಆದರೆ ನಿನ್ನನ್ನೇ ಕೇಳೋದು, ಎಂದು ನನಗೆ ಹೇಳಿ ಹೋಗುತ್ತಿದ್ದಳು. ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲಿಳಿದರೆ ಬಸ್ಸುಗಳ ರಸ್ತೆ. ನೀನೋ ಒಂದು ಕಡೆ ನಿಂತವಳಲ್ಲ. ನಾನು ಗೆರೆ ಎಳೆದೆ. ಕಾರಣ ಕೇಳಿದೆ. ಹತ್ತು ವರ್ಷದ ಹುಡುಗಿಗೆ ಅದಕ್ಕಿಂತ ಬೇರೆ ದಾರಿ ತಿಳಿದಿರಲಿಲ್ಲ. ಬಸ್ಸುಗಳ ರಸ್ತೆಯನ್ನು ನೀನು ಚಿಣ್ಣಿಗೆ ಹೇಳಿದೆಯಾ? ಅವಳ ಕಥೆಯಲ್ಲಿ ಬಸ್ಸು ಎಲ್ಲೂ ಬರಲಿಲ್ಲ.

ಒದ್ದೆ ಬಟ್ಟೆಯ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾನೇ ನೆಲ ಒರೆಸಿದೆ. ಅಮ್ಮ ಬಂದಾಗ ನೀರು ಚೆಲ್ಲಿತು ಎಂದೆ, ನೀನು ಹೂಂ ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಮುಗಿದಿರಲಿಲ್ಲ ಎಂದಾದರೆ ನನಗೆ ಹೇಳಬಹುದಿತ್ತಲ್ಲ. ಎಷ್ಟು ಸಲ ಒಂದೇ ಹಾಸಿಗೆಯಲ್ಲಿ ಮಲಗಿದ್ದೇವೆ, ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಆಚೆಗೊಬ್ಬಳು ಈಚೆಗೊಬ್ಬಳು ಎಷ್ಟು ಸಲ ಕೂತಿದ್ದೇವೆ. ನನ್ನ ತಲೆ ನಿನ್ನ ಕೈಯಲ್ಲಿ, ಕತ್ತರಿ ನಿನ್ನ ಕೈಯಲ್ಲಿ, ನಾನು ಎದ್ದು ಹೋಗುವ ಹಾಗೂ ಇರಲಿಲ್ಲ. ಆಗ ಹೇಳಬಹುದಿತ್ತು. ಅಕ್ಕ, ನೀನು ಹೀಗೆ ಮಾಡಿದ್ದೆ, ನನಗೆ ಇನ್ನೂ ನೋವಿದೆ, ಎಂದು. ನೀನು ಹೇಳಲಿಲ್ಲ. ನನ್ನ ಮಗಳ ಬಾಯಿಂದ ಹೇಳಿಸಿದೆ. ಸಂಜೆಗಿಷ್ಟು ಎಂದು, ಔಷಧಿ ಕೊಡುವ ಹಾಗೆ. ನಾನು ಆ ಹುಡುಗಿಯನ್ನು ಬೈದೆ, ಅವಳ ಎದೆ ಒಣಗಿದೆ ಎಂದೆ, ಅವಳಿಗೆ ಮನೆಯಲ್ಲಿ ಯಾರೂ ಇಲ್ಲ ಎಂದೆ. ನನ್ನ ಮಗಳನ್ನು ತಬ್ಬಿಕೊಂಡು ನನ್ನನ್ನೇ ದ್ವೇಷಿಸಿದೆ. ಮಾರನೆಯ ದಿನ ಅದೆಲ್ಲ ನಿನ್ನ ಕುರ್ಚಿಗೆ ಬರುತ್ತಿತ್ತು. ಅಮ್ಮ ಏನಂದಳು ಎಂದು ನೀನು ಕೇಳುತ್ತಿದ್ದೆಯಂತೆ. ದಿನಾ ಕೇಳುತ್ತಿದ್ದೆಯಂತೆ.

ನೀವಿಬ್ಬರೂ ಸೇರಿ ನಕ್ಕಿರಾ ಎಂದು ಚಿಣ್ಣಿಯನ್ನು ಕೇಳಿದೆ. ಇಲ್ಲವಂತೆ. ದಾರಿ ಬಿಡಬೇಕಾಗಿದ್ದು ಅವಳು ಎಂದು ನಾನು ಅಂದದ್ದನ್ನು ಚಿಣ್ಣಿ ಹೇಳಿದ ದಿನ, ನೀನು ಕತ್ತರಿ ಕೆಳಗಿಟ್ಟು ಹಿಂದಿನ ಕೋಣೆಗೆ ಹೋದೆಯಂತೆ. ಕುರ್ಚಿಯಲ್ಲಿದ್ದ ಹೆಂಗಸು ಅರ್ಧ ಕತ್ತರಿಸಿದ ಕೂದಲಲ್ಲೇ ಕಾದು ಕೂತಿದ್ದಳಂತೆ.

ಇದಕ್ಕೆ ನಾನು ಏನು ಬರೆಯಲಿ? ಆ ಸಮಾಧಾನ ನಾನು ನನ್ನ ಮಗಳಿಗೆ ಹೇಳಿದ್ದು. ನೀನು ಅದನ್ನು ಕದ್ದು ಕೇಳಿಸಿಕೊಂಡೆ.

ನಮ್ಮ ಮನೆಯವರಿಗೆ ಹೇಳಿದೆ. ಸೇತುವೆ ಕೆಲಸದಿಂದ ವಾರಕ್ಕೊಮ್ಮೆ ಮನೆಗೆ ಬರುವ ಮನುಷ್ಯ, ಪೂರ್ತಿ ಕೇಳಿ, ಅಕ್ಕತಂಗಿಯರು ಸೇರಿ ಮಗೂನ ಪೋಸ್ಟ್‌ಮ್ಯಾನ್ ಮಾಡಿದ್ದೀರಲ್ಲೇ, ಎಂದು ನಕ್ಕರು. ಅವರಿಗೆ ಇದು ನಗುವ ವಿಷಯ. ಶನಿವಾರದ ತರಗತಿಗೆ ನಾನು ಹೋಗುವುದನ್ನು ನಿಲ್ಲಿಸಿದ್ದೇನೆ. ಗೇಟಮ್ಮನ ವಿಷಯ ಏನಾಯಿತು, ಮಗು ಹೇಗಿದೆ ಎಂದು ಬ್ಯಾಂಕಿನಾತ ಫೋನ್ ಮಾಡಿ ವಿಚಾರಿಸಿದ. ಗೇಟಮ್ಮ ಬೇರೆ ಶಾಲೆಗೆ ಹೋದಳು ಎಂದೆ.

ಇಲ್ಲಿ ಅಂಗಡಿಯಲ್ಲೂ ಕೆಲಸ ಸರಿಯಾಗುತ್ತಿಲ್ಲ. ಇದು ಚೆನ್ನಾಗಿ ಕಾಣುತ್ತೋ, ಅದೋ ಎಂದು ಗಾಜು ಬದಲಿಸಿ ಕೇಳುವುದೇ ನನ್ನ ಕೆಲಸ. ಎರಡನೆಯದು ಎನ್ನುತ್ತಾರೆ. ನಿಜವಾಗಿ ಎರಡನೆಯದೋ, ನನಗೆ ಅದು ಬೇಕು ಎಂದುಕೊಂಡು ಹೇಳಿದರೋ ಅಂತ ಅನುಮಾನ. ಮತ್ತೆ ಕೇಳುತ್ತೇನೆ. ಮತ್ತೆ ಕೇಳಿದರೆ ಅವರೂ ಹೆದರಿ ಮೊದಲನೆಯದು ಎನ್ನುತ್ತಾರೆ.

ಮನಸ್ಸಿನ ಹೊತ್ತು ಈಗಲೂ ಇದೆ. ಹೋಗಿ ಕೂರುತ್ತೇನೆ. ಚಿಣ್ಣಿ, ಚೆನ್ನಾಗಿತ್ತು, ಎನ್ನುತ್ತಾಳೆ. ಅದಾದ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ.

ಈಗ ಅವಳು ಶಾಲೆ ಬಿಟ್ಟ ಮೇಲೆ ನಿನ್ನ ಪಾರ್ಲರಿನ ಬದಲು ಅಲ್ಲೇ, ತಡವಾಗಿ ಹೋಗುವ ಮಕ್ಕಳ ಸಂಜೆಯ ಕೋಣೆಯಲ್ಲಿ ಇರುತ್ತಾಳೆ, ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಆ ವ್ಯವಸ್ಥೆ ಹಾಗೇ ಇರುತ್ತದೆ. ಶಾಲೆಯ ಗೇಟಿನ ಹತ್ತಿರ ನೀನು ಬರಬೇಡ. ಅವಳ ಕೂದಲು ಕಣ್ಣಿಗೆ ಬೀಳುವಷ್ಟು ಬೆಳೆದಿದೆ, ಬೇರೆ ಎಲ್ಲಾದರೂ ಕತ್ತರಿಸುತ್ತೇನೆ. ಕ್ಷಮೆ ಕೇಳು ಎಂದು ಈ ಕಾಗದ ಬರೆದಿಲ್ಲ, ಕೇಳುತ್ತೇನೆ ಎಂದೂ ಬರೆದಿಲ್ಲ. ನನಗೆ ಎಲ್ಲ ಗೊತ್ತಾಗಿದೆ ಎಂಬುದು ನಿನಗೆ ಗೊತ್ತಿರಲಿ ಎಂದು ಬರೆದೆ.

ಇನ್ನು ಬರೆಯಲು ಏನೂ ಇಲ್ಲ.

ನಿನ್ನ
ಅಕ್ಕ

ತಾ.ಕ. ಬುಧವಾರ ಬೆಳಿಗ್ಗೆ. ನಿನ್ನೆ ಇದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋದೆ. ಅಂಚೆ ಪೆಟ್ಟಿಗೆ ದಾರಿಯಲ್ಲೇ ಇತ್ತು, ಚಿಣ್ಣಿ ಕೈ ಹಿಡಿದಿದ್ದಳು, ಹಾಕಲಿಲ್ಲ. ಸಂಜೆ ಅವಳ ಮಂಚದ ಪಕ್ಕ ಕೂತೆ. ಚೆನ್ನಾಗಿತ್ತು ಎನ್ನಲಿಲ್ಲ. ನನ್ನ ಮೇಲೆ ಕೋಪ ಬಂದಿದೆ ಅಂದಳು. ನಾವು ಬರುವಾಗ ನಿನ್ನ ಪಾರ್ಲರಿನ ಗಾಜಿನೊಳಗೆ ನೋಡಿದಳಂತೆ, ಎತ್ತರದ ಕುರ್ಚಿಯ ಮೇಲೆ ಬೇರೆ ಯಾವುದೋ ಮಗು ಕೂತಿತ್ತಂತೆ, ನೀನು ಅದರ ತಲೆ ಬಾಚುತ್ತಿದ್ದೆಯಂತೆ. "ಅಮ್ಮ, ನೀನು ಚಿಕ್ಕಮ್ಮನ್ನ ಬಿಡಿಸಿದೆ," ಅಂದಳು. ಆಮೇಲೆ ಅತ್ತಳು. ಆ ಥರ ಅಳುವುದನ್ನು ನಾನು ಈ ಮೊದಲು ನೋಡಿರಲಿಲ್ಲ. ಮೂಗು ಸೋರಿ, ಬಿಕ್ಕಳಿಕೆ ಬಂದು, ನನ್ನ ಕೈ ತಳ್ಳಿ ಗೋಡೆಯ ಕಡೆ ತಿರುಗಿ.

ಆಗ ನಾನು ಕೇಳಿಬಿಟ್ಟೆ. ಬಾಯಿಂದ ಬಂದುಬಿಟ್ಟಿತು. "ಇದು ನಿಂದೇನಾ ಚಿಣ್ಣಿ, ಇಲ್ಲಾ ಇದನ್ನೂ ಚಿಕ್ಕಮ್ಮ ಹೇಳ್ಕೊಟ್ಳಾ?" ಎಂದೆ.

ಅಳು ಅಲ್ಲಿಗೇ ನಿಂತಿತು. ಆಮೇಲೆ ಹೊದಿಕೆ ಎಳೆದುಕೊಂಡು, "ಚಿಕ್ಕಮ್ಮನ್ನೇ ಕೇಳು," ಅಂದಳು.

ಕೇಳುತ್ತಿದ್ದೇನೆ. ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಇವತ್ತು ಶಾಲೆ ಬಿಟ್ಟ ಮೇಲೆ ಅವಳ ಕೈಯಲ್ಲೇ ನಿನ್ನ ಪಾರ್ಲರಿಗೆ ಕಳಿಸುತ್ತೇನೆ, ಲಕೋಟೆಗೆ ಅಂಟು ಹಾಕಿರುತ್ತೇನೆ, ಅವಳು ಓದಬಾರದು. ನೀನು ಉತ್ತರ ಬರೆದು ಮುಗಿಸುವ ತನಕ ಅವಳು ಅಲ್ಲೇ ಕೂತಿರಲಿ. ಬರೆಯಲು ಅವಸರವೇನಿಲ್ಲ.